ಸದ್ದಿಲ್ಲದ ನಾಲ್ಕು ಟೈರು

ಕಾರು ಸೇತುವೆಯ ಅರ್ಧಕ್ಕೆ ಬಂದ ಕೂಡಲೇ ಅದನ್ನು ಓಡಿಸುವ ಸೈಲೆನ್ಸರ್‌ನ ತುಟಿ ಅಲುಗುತ್ತದೆ ಎನ್ನುವುದನ್ನು ಪಕ್ಕದಲ್ಲಿ ಕೂತ ಭೂತಗನ್ನಡಿ ಕಂಡುಹಿಡಿದದ್ದು ಅವನ ಕಡೆ ನೋಡದೆಯೇ. ಹೊರಗೆ ಬೆಳಕು ಇಳಿಯುತ್ತಿತ್ತು, ತನ್ನ ಪಕ್ಕದ ಕಿಟಕಿ ಗಾಜಿನಲ್ಲಿ ಅವನ ಮುಖ ಮಬ್ಬಾಗಿ ಮೂಡಿತ್ತು. ಆ ಮಬ್ಬು ಮುಖ ಏನೋ ಹೇಳಿತು. ಅವಳು ತಿರುಗುವಷ್ಟರಲ್ಲಿ ಬಾಯಿಗೆ ಬೀಗ.

"ಏನಾದ್ರೂ ಅಂದ್ರಾ?"

"ಇಲ್ವಲ್ಲ ಮೇಡಂ."

ಇಬ್ಬರೂ ಕನ್ನಡಕದ ಗಾಜು ಉಜ್ಜುವ ಒಂದು ಕಾರ್ಖಾನೆಯವರು. ಅಡ್ಡಹೆಸರುಗಳೂ ಅಲ್ಲಿಯವೇ. ಅವಳು ಕೊನೆಯ ಕೋಣೆಯಲ್ಲಿ ಕೂತು, ಮುಗಿದು ಬಂದ ಪ್ರತಿ ಗಾಜನ್ನೂ ದೀಪಕ್ಕೆ ಹಿಡಿದು ಗೀರು ಹುಡುಕುತ್ತಿದ್ದಳು. ತಪ್ಪು ಹುಡುಕುವುದಕ್ಕೇ ಸಂಬಳ. ಅವಳ ಕೈಯಿಂದ ವಾಪಸು ಬಂದ ಗಾಜುಗಳನ್ನು ಮತ್ತೆ ಉಜ್ಜಬೇಕಾದವರು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಅವನು ಉಜ್ಜುವ ಯಂತ್ರಗಳ ರಿಪೇರಿಯವನು. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು, ಅದಕ್ಕೇ ಸೈಲೆನ್ಸರ್.

ಕಾರ್ಖಾನೆಯ ಬಸ್ಸು ನಿಂತುಹೋದ ಮೇಲೆ ಅವಳು ಅವನ ಹಳೆಯ ಕಾರಿನಲ್ಲಿ ಬಂದುಹೋಗುತ್ತಿದ್ದಳು. ಒಂದೇ ದಾರಿ, ಪೆಟ್ರೋಲಿಗೆ ಇಬ್ಬರದೂ ಪಾಲು. ಇದರಲ್ಲಿ ಮನಸ್ಸು ಕಲಕುವಂಥದ್ದು ಏನೂ ಇರಲಿಲ್ಲ. ಮೊದಮೊದಲು ಇರಲಿಲ್ಲ ಎಂದರೆ ಸರಿಯಾದೀತು.

ಕಾರಿನ ಟೈರುಗಳು ಅವನ ಅಣ್ಣನ ಕೃಪೆ. ಅಣ್ಣ ಯಾವುದೋ ಜೀಪಿನಿಂದ ಕಳಚಿದ, ಮೈಮೇಲೆ ರಬ್ಬರಿನ ಉಬ್ಬುಗಳಿರುವ ದಪ್ಪ ದಪ್ಪ ಬಟನ್‌ನ ಟೈರುಗಳನ್ನು ತಂದು, ಚಕ್ರದ ಅಳತೆ ಒಂದೇ ತಾನೇ ಎಂದು ತಮ್ಮನ ಕಾರಿಗೆ ಹಾಕಿಸಿದ್ದ. ಡಾಂಬರು ರಸ್ತೆಯಲ್ಲಿ ಅವು ಗುರ್ ಎನ್ನುತ್ತಿದ್ದವು. ಸೇತುವೆಯ ಮೇಲೆ ಕಾಂಕ್ರೀಟು. ಅಲ್ಲಿ ಹಿಟ್ಟಿನ ಗಿರಣಿ ಒಳಗೆ ಕೂತ ಹಾಗೆ. ಪಕ್ಕದವರ ಮಾತು ಕೇಳಬೇಕಾದರೆ ಕಿವಿ ಅವರ ಬಾಯಿಗೆ ಹಚ್ಚಬೇಕು. ಹಾಗೆ ಹಚ್ಚುವ ಸಲಿಗೆ ಇಬ್ಬರಲ್ಲೂ ಇರಲಿಲ್ಲ. ಸೇತುವೆ ಇಳಿದ ತಕ್ಷಣ ಔಷಧಿ ಅಂಗಡಿ, ಅದರ ಮುಂದೆ ಅವಳು ಇಳಿದುಕೊಳ್ಳುತ್ತಿದ್ದಳು.

ಯಂತ್ರದ ಹಾಲ್‌ನವರಿಗೆ ಒಂದು ಚಾಳಿ ಇತ್ತು. ಅಲ್ಲಿಯ ಗದ್ದಲದಲ್ಲಿ ಎದುರು ನಿಂತವನ ಮಾತೂ ಕೇಳದು. ಹಾಗಾಗಿ ಎಲ್ಲರೂ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟೇ ಹೇಳಿಕೊಳ್ಳುವರು. ಮೇಲ್ವಿಚಾರಕನ ಮುಖ ನೋಡಿಕೊಂಡೇ ಅವನ ವಂಶವನ್ನೆಲ್ಲ ಜಾಲಾಡುವರು, ಅವನು ಏನೋ ಒಳ್ಳೆಯದನ್ನೇ ಹೇಳುತ್ತಿದ್ದಾರೆಂದು ತಲೆಯಾಡಿಸುವನು. ಗದ್ದಲ ಅವರಿಗೆ ಬಾಗಿಲು ಹಾಕಿದ ಕೋಣೆ ಇದ್ದ ಹಾಗೆ. ಸೈಲೆನ್ಸರ್ ಅಲ್ಲಿ ಹತ್ತು ವರ್ಷ ಕಳೆದವನು.

ಭೂತಗನ್ನಡಿಗೆ ಈ ಚಾಳಿ ಗೊತ್ತಿತ್ತು. ಆದ್ದರಿಂದಲೇ ಅವಳಿಗೆ ನಿದ್ದೆ ಕೆಟ್ಟಿತು. ದಿನವೂ ಸೇತುವೆಯ ಅರ್ಧಕ್ಕೆ ಬಂದಾಗ ಅದೇ ತುಟಿ, ಅದೇ ಅಲುಗಾಟ. ಚಿಕ್ಕ ಮಾತು. ನಡುವೆ ಒಂದು ಸಲ ತುಟಿಗಳು ಕೂಡಿ ಬಿಡುತ್ತವೆ. ಅವಳು ಮನೆಯಲ್ಲಿ ಕನ್ನಡಿ ಮುಂದೆ ನಿಂತು ಸಂಬಳ, ಪೆಟ್ರೋಲು, ತಲೆನೋವು ಎಂದೆಲ್ಲ ಹೇಳಿ ನೋಡಿದಳು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ಹುಷಾರಿಲ್ಲವೇ ಎಂದು ಕೇಳಿದಳು.

ಅಕ್ಕನ ಚಿಂತೆ ಬೇರೆ ಇತ್ತು. ದೂರದ ಊರಲ್ಲಿ ಕಾರ್ಖಾನೆಯ ಹೊಸ ಶಾಖೆ ತೆರೆದಿತ್ತು. ಪರೀಕ್ಷೆ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಬರುತ್ತೀಯಾ ಎಂದು ತಂಗಿಯನ್ನು ಕೇಳಿದ್ದರು, ಶನಿವಾರದೊಳಗೆ ಹೇಳಬೇಕು. ತಂಗಿ ಹೂಂ ಅನ್ನುತ್ತಿಲ್ಲ, ಉಹೂಂ ಅನ್ನುತ್ತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋ ಹಾಗೆ ಮಾಡ್ಕೋಬೇಡ ಎಂದು ಅಕ್ಕ ದಿನಕ್ಕೆರಡು ಸಲ ಹೇಳುತ್ತಿದ್ದಳು.

ಕೆಲಸ ಅವಳಿಗೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತುಟಿಗಳ ಮೇಲೆ ಏನಿದೆ ಎಂದು ತಿಳಿಯದೆ ಊರು ಬಿಡುವುದು ಅವಳಿಂದ ಆಗುವಂತಿರಲಿಲ್ಲ. ಸರಿಯಾಗಿ ಕಾಣದ್ದನ್ನು ಪಾಸು ಮಾಡಬಾರದು, ಇದು ಅವಳ ಕೋಣೆಯ ಮೊದಲ ನಿಯಮ. ತಾನೇ ಬಾಯಿಬಿಟ್ಟು ಕೇಳಿ, ಅವನು "ಯಂತ್ರದ ಬೇರಿಂಗ್ ನೆನೆಸ್ಕೊಳ್ತಿದ್ದೆ ಮೇಡಂ" ಎಂದುಬಿಟ್ಟರೆ? ಆಮೇಲೆ ದಿನಾ ಅದೇ ಸೀಟಲ್ಲಿ ಕೂರುವುದು ಹೇಗೆ? ಅವಳಿಗೆ ಅವನು ಇಷ್ಟವಾಗಿಬಿಟ್ಟಿದ್ದ. ಇಷ್ಟವಾದವರ ಮುಂದೆ ಸಣ್ಣವಳಾಗಲು ಯಾರಿಗೆ ತಾನೇ ಮನಸ್ಸು ಬರುತ್ತದೆ.

ಆ ಬುಧವಾರ ಬೆಳಗ್ಗೆ ಸಿಗ್ನಲ್‌ನಲ್ಲಿ ಕಾರು ಸ್ವಲ್ಪ ಜಾರಿ ನಿಂತಿತು. ಟೈರು ಸವೆದಿದೆ, ಬದಲಾಯಿಸಬೇಕು ಎಂದು ಅವನು ಗೊಣಗಿದ. ಅವಳ ಕಿವಿ ನೆಟ್ಟಗಾಯಿತು. ನಾನೂ ಬರ್ತೀನಿ, ನಿಮಗೆ ಚೌಕಾಸಿ ಬರಲ್ಲ ಎಂದಳು. ಟೈರಿನ ಗಂಧಗಾಳಿಯೂ ಗೊತ್ತಿಲ್ಲದವಳು ಅವತ್ತಿನ ಊಟದ ಬಿಡುವೆಲ್ಲ ಫೋನು ಹಿಡಿದು ಕೂತು, ಯಾವ ಟೈರು ಸದ್ದು ಮಾಡುವುದಿಲ್ಲ, ಯಾವುದು ಜೇಬು ಸುಡುವುದಿಲ್ಲ ಎಂದು ಓದಿದಳು.

ಆ ಸಂಜೆ ಹೋದ ಟೈರು ಅಂಗಡಿಯ ಯಜಮಾನಿ ಐವತ್ತು ದಾಟಿದ ಹೆಂಗಸು, ಮಾತಾಡುವಾಗ ಎದುರಿಗಿರುವ ಟೈರಿನ ಬೆನ್ನು ತಟ್ಟುವ ಅಭ್ಯಾಸದವಳು. ಅಂಗಡಿ ತುಂಬ ಹೊಸ ರಬ್ಬರಿನ ವಾಸನೆ. ಹಳೆಯ ಟೈರುಗಳನ್ನು ಬಗ್ಗಿ ನೋಡಿ, ಇವನ್ನ ಕಾರಿಗೆ ಹಾಕಿದ ಪುಣ್ಯಾತ್ಮ ಯಾರು ಎಂದು ಕೇಳಿದಳು. ಅಣ್ಣ, ಎಂದ ಸೈಲೆನ್ಸರ್.

ಯಜಮಾನಿ ಮೂರು ಬಗೆ ತೋರಿಸಿದಳು. ಒಂದು ಅಗ್ಗ, ಬಟನ್ ದೊಡ್ಡದು, ಗಟ್ಟಿ ರಬ್ಬರು, ಹತ್ತೂರು ಸುತ್ತಿದರೂ ಸವೆಯದು, ಆದರೆ ಕೂಗುತ್ತದೆ. ಒಂದು ಬಲು ನಯ, ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ನಡುವಿನದು ಒಂದಿತ್ತು. ಸಣ್ಣ ಸಣ್ಣ ಬಟನ್‌ಗಳು, ಎಲ್ಲವೂ ಒಂದೇ ಅಳತೆಯಲ್ಲ, ಹಾಗಾಗಿ ಸದ್ದು ಒಂದೇ ತಾಳಕ್ಕೆ ಸೇರಿ ಜೋರಾಗುವುದಿಲ್ಲ. ರಬ್ಬರು ಸ್ವಲ್ಪ ಮೆದು, ಕೊಂಚ ಬೇಗ ಸವೆದೀತು. ಬ್ರ್ಯಾಂಡು ದೊಡ್ಡದಲ್ಲ, ಬೆಲೆ ಕೈಗೆಟುಕುವಂಥದ್ದು. ಮೇಲೆ ಅಂಟಿಸಿದ ಚೀಟಿಯಲ್ಲಿ ಸದ್ದಿನ ಅಂಕಿಯೂ ಇತ್ತು, ಮೂರರಲ್ಲಿ ಅದೂ ನಡುವಿನದೇ.

"ಅಗ್ಗದ್ದೇ ಸಾಕು," ಎಂದ ಅವನು.

"ಕೂಗುತ್ತೆ ಅಂದ್ರಲ್ಲ," ಎಂದಳು ಇವಳು.

ಸದ್ದಿದ್ದರೆ ನಿದ್ದೆ ಬರುವುದಿಲ್ಲ, ಓಡಿಸುವವನಿಗೆ ಒಳ್ಳೆಯದು ಎಂದ ಅವನು. ಸಂಜೆ ಆರು ಗಂಟೆಗೆ ಯಾರಿಗೆ ನಿದ್ದೆ ಬರುತ್ತದೆ ಎಂದಳು ಇವಳು. ಸದ್ದು ಕೇಳಿದರೆ ದಾರಿಹೋಕರು ಸರಿಯುತ್ತಾರೆ ಎಂದ. ಹಾರ್ನ್ ಯಾಕಿದೆ ಎಂದಳು. ಯಾವತ್ತೂ ಇಷ್ಟು ಮಾತಾಡದ ಮನುಷ್ಯ ಇವತ್ತು ಗದ್ದಲದ ಪರವಾಗಿ ವಕೀಲನ ಹಾಗೆ ವಾದಿಸುತ್ತಿದ್ದ, ಕಿವಿಯ ತುದಿ ಕೆಂಪಾಗಿತ್ತು. ಅದನ್ನು ಭೂತಗನ್ನಡಿ ಗಮನಿಸಿದಳು. ಯಾವ ಗೀರೂ ಅವಳ ಕಣ್ಣು ತಪ್ಪಿಸಿಕೊಂಡದ್ದಿಲ್ಲ.

ಯಜಮಾನಿ ಟೈರಿನ ಬೆನ್ನು ತಟ್ಟಿ, ಗಂಡ ಹೆಂಡತಿ ಜಗಳ ಮನೆಯಲ್ಲೇ ಮುಗಿಸಿಕೊಂಡು ಬರಬೇಕಿತ್ತು ಎಂದಳು. ಇಬ್ಬರೂ ಅಲ್ಲ ಎನ್ನಲಿಲ್ಲ. ಅವನು ಅಗ್ಗದ ಟೈರಿನ ಚೀಟಿ ಓದತೊಡಗಿದ, ಅವಳು ನಯದ ಟೈರಿನದು.

ಕೊನೆಗೆ ಅವನೇ ಮೆಲ್ಲಗೆ ಅಂದ, "ನೀವು ಹೊಸ ಊರಿಗೆ ಹೋಗ್ತೀರಂತೆ. ಆಮೇಲೆ ಈ ಕಾರಲ್ಲಿ ಸದ್ದಿದ್ರೇನು, ಇಲ್ದಿದ್ರೇನು. ಕೇಳಿಸ್ಕೊಳ್ಳೋಕೆ ಯಾರಿರ್ತಾರೆ?"

ಅವಳು ನಡುವಿನ ಬೆಲೆಯ ಟೈರುಗಳನ್ನು ಒಂದೊಂದಾಗಿ ಬೆಳಕಿಗೆ ಹೊರಳಿಸಿ ನೋಡಲು ಶುರುಮಾಡಿದಳು. ಮೂರನೆಯದರ ಪಕ್ಕೆಯಲ್ಲಿ ಹಗ್ಗ ಉಜ್ಜಿದ ಸಣ್ಣ ಗಾಯ. ಯಜಮಾನಿ ಕನ್ನಡಕ ಹಾಕಿಕೊಂಡರೂ ಕಾಣಲಿಲ್ಲ, ಬೆರಳಿಟ್ಟು ತೋರಿಸಬೇಕಾಯಿತು. ಅದನ್ನು ಬದಲಾಯಿಸಿ, ನಾಲ್ಕಕ್ಕೂ ಒಂದಿಷ್ಟು ಇಳಿಸಿ, ಅಲೈನ್‌ಮೆಂಟ್ ಪುಕ್ಕಟೆ ಮಾಡಿಸುವ ತನಕ ಭೂತಗನ್ನಡಿ ಅಲ್ಲಿಂದ ಕದಲಲಿಲ್ಲ. ಅವನು ಮರುಮಾತಾಡದೆ ಒಪ್ಪಿದ. ಹೊರಡುವಾಗ ಯಜಮಾನಿ ಹಿಂದಿನ ಚಕ್ರದ ಬೆನ್ನು ತಟ್ಟಿ, ಇವು ದೂರದ ದಾರಿಗೆ ಹೇಳಿ ಮಾಡಿಸಿದ ಟೈರು, ಊರೊಳಗೇ ಸುತ್ತಿಸಿ ಹಾಳು ಮಾಡಬೇಡಿ ಎಂದಳು.

ಮರುದಿನ ಸಂಜೆ ಹೊಸ ಟೈರಿನ ಕಾರು ಸೇತುವೆ ಹತ್ತಿತು.

ಎಷ್ಟು ನಿಶ್ಶಬ್ದವೆಂದರೆ ಇಂಡಿಕೇಟರಿನ ಟಿಕ್ ಟಿಕ್ ಕೂಡ ಕೇಳುತ್ತಿತ್ತು. ಅವಳು ಕಿಟಕಿ ಗಾಜಿನಲ್ಲಿ ಅವನ ಮುಖ ನೋಡಿದಳು. ಸೇತುವೆಯ ಅರ್ಧ ಬಂತು. ತುಟಿ ಅಲುಗಲಿಲ್ಲ. ಸ್ಟೀರಿಂಗ್ ಹಿಡಿದ ಬೆರಳುಗಳು ಮಾತ್ರ ಬಿಗಿಯಾಗಿದ್ದವು. ಸೇತುವೆ ಮುಗಿಯಿತು, ಔಷಧಿ ಅಂಗಡಿ ಬಂತು, ಅವಳು ಇಳಿದಳು. ಬಾಗಿಲು ಹಾಕುವಾಗ ಟೈರು ಚೆನ್ನಾಗಿದೆ ಎಂದಳು. ಹೌದು ಎಂದ.

ಮನೆಗೆ ಹೋಗಿ ಹಾಸಿಗೆಯ ಮೇಲೆ ಕೂತಾಗ ಅವಳಿಗೆ ಅಳುವೂ ಬಂತು, ನಗುವೂ ಬಂತು. ಮಾತು ಕೇಳಿಸಿಕೊಳ್ಳಲು ಸದ್ದು ತೆಗೆಸಿದ್ದಳು. ಸದ್ದಿನ ಜೊತೆ ಮಾತೂ ಹೋಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯಲ್ಲಿ ಪೂಜಾರಿಯೂ ತಾನೇ ಆಗಿದ್ದಳು. ಅವನು ಟೈರಿನಂಗಡಿಯಲ್ಲಿ ಗದ್ದಲಕ್ಕಾಗಿ ಯಾಕೆ ಅಷ್ಟು ಹೋರಾಡಿದ ಎಂಬುದೂ ಈಗ ತಿಳಿಯಿತು. ಅಂದರೆ ಅದು ಬೇರಿಂಗಿನ ಮಾತಲ್ಲ. ಬೇರಿಂಗಿಗಾಗಿ ಯಾರ ಕಿವಿಯೂ ಕೆಂಪಾಗುವುದಿಲ್ಲ.

ಅಷ್ಟು ತಿಳಿದರೂ ಪೂರ್ತಿ ಕಂಡಂತಾಗಲಿಲ್ಲ. ಪೂರ್ತಿ ಕಾಣುವ ತನಕ ಕಾಯುತ್ತಾ ಕೂತರೆ ಶನಿವಾರ ಬಂದು ಹೋಗುತ್ತದೆ.

ಶುಕ್ರವಾರ ಸೇತುವೆ ಹತ್ತಿದಾಗ ಅವಳು ತನ್ನ ಕಡೆಯ ಕಿಟಕಿಯನ್ನು ಪೂರ್ತಿ ಇಳಿಸಿದಳು. ಗಾಳಿ ಭರ್ರೆಂದು ನುಗ್ಗಿತು. ಪಕ್ಕದಲ್ಲಿ ಒಂದು ಲಾರಿ, ಅದರ ಹಿಂದೆ ಇನ್ನೊಂದು. ಹಳೆಯ ಟೈರಿನ ದಿನಗಳು ಮರಳಿ ಬಂದಂತಾಯಿತು. ಅವಳು ನೇರ ಮುಂದೆ ನೋಡುತ್ತಾ, ತನ್ನ ಕೋಣೆಯ ನಿಯಮವನ್ನು ಪಕ್ಕಕ್ಕಿಟ್ಟು, ಸ್ಪಷ್ಟವಾಗಿ, ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದಳು.

ಅವನು ಬೆಚ್ಚಿ ಅವಳ ಕಡೆ ತಿರುಗಿದ. "ಏನಂದ್ರಿ?"

ಅವಳು ಲಾರಿಯ ಕಡೆ ನೋಡಿದಳು.

"ಮೇಡಂ, ಏನೋ ಅಂದ್ರಿ. ನಿಮ್ಮ ತುಟಿ ಅಲುಗಿತು."

"ದಿನಾ ನಂಗೂ ಹೀಗೇ ಆಗ್ತಿತ್ತು," ಎಂದು ಅವಳು ಕಿಟಕಿ ಏರಿಸಿದಳು.

ಗಾಜು ಮೇಲಕ್ಕೆ ಹೋಗಿ ಕೂತಿತು, ಗಾಳಿ ಹೊರಗುಳಿಯಿತು. ಒಳಗೆ ಇಬ್ಬರ ಉಸಿರು ಕೇಳುವಷ್ಟು ಮೌನ. ಅವನ ಕಿವಿಯ ತುದಿ ಮೊದಲು, ಆಮೇಲೆ ಕುತ್ತಿಗೆ ಕೆಂಪಾಯಿತು. ಕಳ್ಳ ಸಿಕ್ಕಿಬಿದ್ದಿದ್ದ.

"ನಿಮ್ಮನ್ನ ಕಂಡ್ರೆ ನಂಗಿಷ್ಟ ಅಂದೆ," ಎಂದಳು ಅವಳು. "ಈಗ ಕೇಳಿಸ್ತಲ್ಲ? ಇನ್ನು ನೀವು ಹೇಳಿ."

ಸೇತುವೆ ಇಳಿಜಾರಿಗೆ ಬಂದಿತ್ತು, ಔಷಧಿ ಅಂಗಡಿಯ ಹಸಿರು ಬೋರ್ಡು ದೂರದಲ್ಲಿ ಕಂಡಿತು. ಅದನ್ನು ನೋಡಿದಾಗ ಅವನ ತುಟಿ ತಾನಾಗಿ ಅಲುಗಿತು. ಈ ಸಲ ದನಿಯೂ ಬಂತು.

"ಇಳೀಬೇಡಿ."

"ಅಷ್ಟೇನಾ?"

"ಅಷ್ಟೇ. ದಿನಾ ಆ ಬೋರ್ಡ್ ಕಂಡ ಕೂಡ್ಲೇ ಇಳೀಬೇಡಿ ಅಂತಿದ್ದೆ. ನೀವು ಇಳಿದು ಹೋಗ್ತಿದ್ರಿ."

ಅವಳು ದನಿಯಿಲ್ಲದೆ ಆ ಮಾತನ್ನು ಹೇಳಿ ನೋಡಿಕೊಂಡಳು. ತುಟಿಗಳು ನಡುವೆ ಒಂದು ಸಲ ಕೂಡಿ ಬಿಟ್ಟವು, ಸರಿಹೋಯಿತು. ಆಮೇಲೆ ಕೆಲಸದ ಮಾತೆತ್ತಿದಳು. ಊರು ಬಿಟ್ಟು ಹೋಗುತ್ತಾಳೆಂದು ಗೊತ್ತಿದ್ದೂ, ಹೋಗಬೇಡಿ ಎಂದು ಯಾಕೆ ಒಂದು ಸಲವೂ ಅನ್ನಲಿಲ್ಲ ಎಂದು ಕೇಳಿದಳು.

"ಹೋಗಬೇಡಿ ಅನ್ನೋಕೆ ನಾನ್ಯಾರು? ಕಷ್ಟಪಟ್ಟಿದ್ದೀರಿ, ಹೋಗ್ಲೇಬೇಕು." ಅವನು ಸ್ಟೀರಿಂಗ್ ತಟ್ಟಿದ. "ಇಳೀಬೇಡಿ ಅನ್ಬಹುದು. ಕಾರು ನನ್ನದಲ್ವಾ."

ಅವಳಿಗೆ ನಗು ತಡೆಯಲಾಗಲಿಲ್ಲ, ಕಣ್ಣೂ ತುಂಬಿಕೊಂಡಿತು. ನಾಳೆ ಹೂಂ ಅಂತೀನಿ, ಆದರೆ ಆ ಊರು ಬಲು ದೂರ ಎಂದಳು. ಗೊತ್ತು, ಮ್ಯಾಪಿನಲ್ಲಿ ನೋಡಿದ್ದೇನೆ, ಭಾನುವಾರ ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಸೇರಬಹುದು ಎಂದ ಅವನು. ಇದನ್ನು ಯಾವಾಗ ನೋಡಿದಿರಿ ಎಂದರೆ ಮಾತನ್ನು ಟೈರಿಗೆ ತಿರುಗಿಸಿದ. ಟೈರಂತೂ ದೂರದ ದಾರಿಯದ್ದು, ಊರೊಳಗೇ ಸುತ್ತಿಸಿ ಹಾಳು ಮಾಡಬೇಡಿ ಅಂತ ಆಯಮ್ಮನೇ ಹೇಳಿದ್ದಾರಲ್ಲ ಎಂದ.

ಔಷಧಿ ಅಂಗಡಿ ಬಂತು. ಅಭ್ಯಾಸಬಲದಿಂದ ಅವನು ಕಾರು ನಿಲ್ಲಿಸಿದ. ಅವಳ ಕೈಯೂ ಅಭ್ಯಾಸದಿಂದ ಬಾಗಿಲಿನ ಹಿಡಿಗೆ ಹೋಗಿತ್ತು. ಅವಳು ಕೈ ತೆಗೆದು ಮಡಿಲಲ್ಲಿಟ್ಟುಕೊಂಡು, ಚೀಲವನ್ನು ಹಿಂದಿನ ಸೀಟಿಗೆ ಹಾಕಿದಳು.

"ಇಳಿಯಲ್ವಾ?" ಎಂದು ಕೇಳಿದ, ನಂಬಿಕೆ ಬಾರದವನ ಹಾಗೆ.

"ಇಲ್ಲ. ವಾಪಸ್ ಸೇತುವೆ ಹತ್ತಿಸಿ," ಎಂದಳು. "ನಿಧಾನಕ್ಕೆ ಹೋಗಿ. ಇಷ್ಟು ದಿನದ್ದೆಲ್ಲ ಕೇಳಿಸ್ಕೋಬೇಕು."