ಮರಹೂಮ್ ಜಂಗ್ಲಿಸಾಬ್

ಅಬ್ಬಾನ ಹೆಸರು ಬಂದಾಗ ಕಣ್ಣಲ್ಲಿ ನೀರು ಬಾರದಿದ್ದರೆ ಏನು ಮಾಡಲಿ? ವಸೀಮಾ ಬೆಳಿಗ್ಗೆ ಡೈರಿಯಲ್ಲಿ ಬರೆದುಕೊಂಡದ್ದು ಇಷ್ಟೇ. ಬದುಕಿರುವ ತಂದೆಯನ್ನು ಸತ್ತವನೆಂದು ಅಳುವುದು ಅವಳಿಗೆ ಬರುತ್ತಿರಲಿಲ್ಲ. ವರನ ಕಡೆಯವರಿಗೆ ಕೊಟ್ಟ ಬಯೋಡಾಟಾದಲ್ಲಿ, ತಂದೆಯ ಹೆಸರಿನ ಜಾಗದಲ್ಲಿ, ಸೋದರಮಾವ ಸಮೀಉಲ್ಲಾ ಮಾಮು ತನ್ನ ಕೈಯಾರೆ ‘ಮರಹೂಮ್ ಜಂಗ್ಲಿಸಾಬ್’ ಎಂದು ಬರೆದಿದ್ದ. ಮರಹೂಮ್... ಅಂದರೆ ತೀರಿಹೋದವನು! ಆ ಜಂಗ್ಲಿಸಾಬನೋ, ಸಾಲಗುಂದದ ಕಾಲುವೆ ನೀರಿನ ಜಗಳದಲ್ಲಿ ಸಲಿಕೆಯಿಂದ ಒಬ್ಬನನ್ನು ಕೊಂದು, ಜೀವಾವಧಿ ಶಿಕ್ಷೆಯ ಹದಿನೈದನೆಯ ವರ್ಷವನ್ನು ಜೈಲಿನಲ್ಲಿ ಕಳೆಯುತ್ತಿದ್ದ. ಅಂದಿನಿಂದ ತಾಯಿ-ಮಗಳಿಬ್ಬರನ್ನೂ ಸಿಂಧನೂರಿನ ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದವನು, ವಸೀಮಾಳನ್ನು ಓದಿಸಿ ಶಾಲೆಯ ಟೀಚರನ್ನಾಗಿ ಮಾಡಿದವನು ಇದೇ ಮಾಮು. ಅವನ ಅನ್ನ ಉಂಡ ಬಾಯಿ ಅವನೆದುರು ತೆರೆಯುವುದು ಹೇಗೆ?

ಮಧ್ಯಾಹ್ನ ಮಸ್ಕಿಯಿಂದ ವರನ ತಾಯಿ ಶಾಕೀರಾ ಬಂದಳು. ಚಹಾ ಕುಡಿಯುತ್ತ, “ತಂದಿ ಇಲ್ಲದ ಹುಡುಗಿ ಆದ್ರ ನಮಗೂ ಛಲೋನ ಬಿಡ್ರಿ ಆಪಾ. ಮಾತೆತ್ತಿದ್ರ ತವರಿಗೆ ಓಡೋದು ಇರಂಗಿಲ್ಲ,” ಎಂದು ನಕ್ಕಳು. ತಾಯಿ ಮೈಮುನಾಬಿ ಸೆರಗನ್ನು ಬಾಯಿಗೊತ್ತಿಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲಿ ಬೈಕು ನಿಂತಿತು. ಫೈಲು ಹಿಡಿದ ಪೇದೆ ನಿಂಗರಾಜ ಇಣುಕಿದ. “ಜಂಗ್ಲಿಸಾಬನ ಮನಿಮಂದಿ ನೀವೇ ಏನ್ರಿ? ಸನ್ನಡತಿ ಮ್ಯಾಲ ಬಿಡೋ ಪಟ್ಟ್ಯಾಗ ಹೆಸರು ಬಂದೈತಿ. ಹೊರಗ ಬಂದ್ರ ಮನಿಯವರು ಇಟ್ಕೋತಾರೋ ಇಲ್ಲೋ, ಹೇಳಿಕಿ ಬರ್ಕೊಂಡು ಹೋಗಬೇಕು.”

ಶಾಕೀರಾ ಕಪ್ಪು ಕೆಳಗಿಟ್ಟಳು. “ತೀರಿಕೊಂಡಾರ ಅಂದಿದ್ರಲ್ಲ? ಈಗೇನು ಗೋರ್ಯಾಗಿಂದ ಎದ್ದು ಬರಾಕತ್ತಾರೇನು?”

ಮಾಮು ಪೇದೆಯನ್ನು ಅಂಗಳಕ್ಕೆ ಕರೆದೊಯ್ದ. ಆದರೂ ಮಾತು ಒಳಗೆ ಕೇಳಿಸಿತು.

“ಸಾಹೇಬ್ರ, ಇಟ್ಕೊಳ್ಳೋರು ಯಾರೂ ಇಲ್ಲಂತ ಬರೀರಿ.”

“ಹಂಗ ಬರದ್ರ ಅವ ಹೊರಗ ಬರೋದು ಕಷ್ಟ ನೋಡ್ರಿ. ಮಗಳು ಅದಾಳಂತಲ್ಲ, ಅಕಿನ್ನೂ ಒಂದು ಮಾತು ಕೇಳ್ತೀನಿ.”

ಮೈಮುನಾಬಿ ಮಗಳ ಕೈ ಹಿಡಿದುಕೊಂಡಳು. “ಸುಮ್ನಿರು ಬೇಟಾ... ಹದಿನೈದು ವರ್ಷ ತಡಕೊಂಡಾರ. ನಿನ್ನ ನಿಕಾಹ್ ಆಗೋತನಕ ಇನ್ನೊಂದೀಟು ತಡಕೋತಾರ...” ಮುಂದಿನ ಮಾತು ಅಳುವಿನಲ್ಲಿ ಮುಳುಗಿತು.

ವಸೀಮಾ ಕೈ ಬಿಡಿಸಿಕೊಂಡು ಅಂಗಳಕ್ಕಿಳಿದಳು. ಮಾಮುವಿನ ಮುಖ ನೋಡದೆ ಪೇದೆಯ ಪೆನ್ನನ್ನೇ ನೋಡುತ್ತ ನಿಂತಳು.

“ಈಗ ಬಾಯಿ ಬಿಟ್ಟೀಯಂದ್ರ ಈ ಮನಿ ಮರ್ತುಬಿಡು,” ಎಂದ ಮಾಮುವಿನ ದನಿ ಒಡೆದಿತ್ತು. “ನಿನ್ನ ಸಲುವಾಗಿನೇ ಸುಳ್ಳು ಬರದೀನಿ ಲೇ...”

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಬಾಗಿಲಲ್ಲಿ ಶಾಕೀರಾ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು.

“ಬರ್ಕೋರಿ,” ಎಂದಳು ವಸೀಮಾ. “ಜಂಗ್ಲಿಸಾಬ್ ನಮ್ಮ ಅಬ್ಬಾ. ನಾ ಬಾಡಗಿ ಖೋಲಿ ಹಿಡೀತೀನಿ. ಅವರು ನನ್ನ ಕೂಡ ಇರ್ತಾರ.”