ಹೆಸರಿಲ್ಲದ ದೋಣಿ

“ಈ ಸಲಾನೂ ಅದೇ ಶೂನಾ?” ಕಾಫಿ ಫ್ಲಾಸ್ಕ್ ಕೆಳಗಿಡದೆಯೇ ಸುನ್ನಿವಾ ಕೇಳಿದಳು. “ಹಿಮದ ಮೇಲೆ ಜಾರಿ ಬಿದ್ರೆ ನಿಮ್ಮ ಸುರಕ್ಷತೆ ಪಾಠ ಯಾರು ಕೇಳ್ತಾರೆ?”

“ಎತ್ತೋಕೆ ನೀವಿದ್ದೀರಲ್ಲ,” ಎಂದ ಐಲರ್ಟ್.

ತುಟಿಯಲ್ಲಿ ತಡೆದ ನಗು ಅವಳ ಕಣ್ಣಲ್ಲಿ ಇಣುಕಿತು. ಚಳಿಗಾಲ ಬಂತೆಂದರೆ ಅವನು ಬರ್ಗೆನ್ ನಗರದಿಂದ ಈ ಮೀನುಗಾರರ ಸಭಾಭವನಕ್ಕೆ ಬರುತ್ತಿದ್ದದ್ದು ಲೈಫ್ ಜಾಕೆಟ್ ಬಗ್ಗೆ ಹೇಳಲು. ವರ್ಷವೆಲ್ಲ ಕಾಯುತ್ತಿದ್ದದ್ದು ಮಾತ್ರ ಆ ಕಣ್ಣುಗಳಿಗಾಗಿ. ಅವಳ ಗಂಡ ಸಮುದ್ರದ ಪಾಲಾಗಿ ಐದು ವರ್ಷವಾಗಿತ್ತು. ಹೇಗೆ ಎಂದು ಅವಳು ಹೇಳಿರಲಿಲ್ಲ, ಇವನು ಕೆದಕಿರಲಿಲ್ಲ. ನನ್ನನ್ನು ಮದುವೆಯಾಗ್ತೀರಾ ಎಂದು ಇವತ್ತು ಕೇಳಿಯೇಬಿಡಬೇಕೆಂದು ಬಂದಿದ್ದ.

“ಪಾಠ ಮುಗಿದ ಮೇಲೆ ನಿಮ್ಮ ಹತ್ರ ಒಂದು ಮಾತಿದೆ.”

“ಮೊದ್ಲು ಪಾಠ ಮುಗೀಲಿ. ನಮ್ಮೋರು ಗೊರಕೆ ಹೊಡೀದಿದ್ರೆ ಸಾಕು.”

ಅವಳ ‘ನಮ್ಮೋರು’ ಎಂದಿನಂತೆ ಮುಂದಿನ ಸಾಲು ಖಾಲಿ ಬಿಟ್ಟು, ಟೋಪಿಯನ್ನೂ ತೆಗೆಯದೆ ಹಿಂದೆ ಕೂತಿದ್ದರು. ಐಲರ್ಟ್ ಕೂಡ ಬುದ್ಧಿ ಕಲಿತಿದ್ದ. ವಿಮೆಯವರಿಗೆ ಅಂಕಿ-ಅಂಶ ತೋರಿಸಿದರೆ ತಲೆದೂಗುತ್ತಾರೆ, ಅಧಿಕಾರಿಗಳಿಗೆ ನಿಯಮ ಹೇಳಿದರೆ ಬರೆದುಕೊಳ್ಳುತ್ತಾರೆ. ಮೀನುಗಾರರ ಮುಂದೆ ಅದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಅವರಿಗೆ ಬೇಕಾದದ್ದು ನಡೆದ ಕಥೆ. ಹಾಗಾಗಿ ತನ್ನ ಸುರಕ್ಷತಾ ಕಚೇರಿಯ ಕಡತದಿಂದ ಒಂದು ಅವಘಡವನ್ನು ಆರಿಸಿ ತಂದಿದ್ದ. ಊರು, ಹೆಸರು ಎಲ್ಲ ಅಳಿಸಿತ್ತು. ಪರದೆಯ ಮೇಲೆ ಹೆಸರಿನ ಬದಲು ‘ಎ ದೋಣಿ’ ಎಂದಷ್ಟೇ ಇತ್ತು.

“ಎ ದೋಣಿಯಲ್ಲಿ ಒಬ್ಬನೇ ಇದ್ದ, ಬಲೆ ಎಳೆಯೋಕೆ ಹೋಗಿದ್ದ. ದೋಣಿ ಖಾಲಿ ಸಿಕ್ತು. ಲೈಫ್ ಜಾಕೆಟ್ ಒಳಗೆ ಮೊಳೇಲಿ ನೇತಾಡ್ತಿತ್ತು. ಕಾರಣ, ನಿರ್ಲಕ್ಷ್ಯ.”

ಮುದುಕ ಹಾಲ್ವಾರ್ಡ್ ಟೋಪಿ ತೆಗೆದ. ಪಕ್ಕದವನೂ ತೆಗೆದ. ನೋಡನೋಡುತ್ತ ಎಲ್ಲ ತಲೆಗಳೂ ಬರಿದಾದವು. ಕೊನೆಗೂ ಇವರು ಕಿವಿಗೊಟ್ಟರಲ್ಲ ಎಂದು ಐಲರ್ಟ್ ಹಿಗ್ಗಿದ. ಆದರೆ ಯಾರೂ ಪರದೆ ನೋಡುತ್ತಿರಲಿಲ್ಲ. ಕಾಫಿ ಮೇಜಿನತ್ತ ಕಣ್ಣು ಹೋಗದಿರಲೆಂದು ನೆಲ ನೋಡುತ್ತಿದ್ದರು. ಅಲ್ಲಿ ಸುನ್ನಿವಾ ತುಂಬಿದ ಲೋಟಕ್ಕೇ ಮತ್ತೆ ಕಾಫಿ ಸುರಿಯುತ್ತಿದ್ದಳು.

ಆಗ ಐಲರ್ಟ್‌ಗೆ ಹೊಳೆಯಿತು. ಎಲ್ಲರ ದೋಣಿಯೂ ಎಲ್ಲರಿಗೂ ಗೊತ್ತಿರುವ ಕಡಲತೀರದಲ್ಲಿ ಹೆಸರು ಅಳಿಸಿದರೆ ಏನು ಅಳಿಸಿದಂತಾಯಿತು? ತಡಕಾಡಿ ಪ್ರೊಜೆಕ್ಟರ್ ಆರಿಸಹೋದ.

“ಆರಿಸ್ಬೇಡಿ.” ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಅವಳು ಮುಂದೆ ಬಂದು ಮೀನುಗಾರರತ್ತ ತಿರುಗಿದಳು. “ಅದು ನನ್ನ ಗಂಡ ಓಡ್‌ಗೇರ್ ದೋಣಿ. ನಿರ್ಲಕ್ಷ್ಯ ಅಂತ ಬರೆದೋರು ಅವನನ್ನ ನೋಡಿಲ್ಲ. ಜಾಕೆಟ್ ಪಟ್ಟಿ ಬಲೆಗೆ ಸಿಕ್ಕೊಳುತ್ತೆ ಅಂತಿದ್ದ. ನೀವೂ ಅದನ್ನೇ ಅಂತೀರಲ್ಲ? ಈಗ ಬಂದೆ ಅಂದ, ನಾನೂ ಹೂಂ ಅಂದೆ. ಆವತ್ತಿಂದ ನೀವ್ಯಾರೂ ನನ್ನೆದುರು ಅವನ ಹೆಸರೆತ್ತಿಲ್ಲ. ಕಾಫಿ ಕುಡಿದು ಹೋಗ್ತೀರಿ. ನಿಮ್ಮ ಜಾಕೆಟ್ ಮೊಳೇಲೇ ಇರುತ್ತೆ.”

ಹಾಲ್ವಾರ್ಡ್ ತಲೆಯೆತ್ತಿ ಅವಳನ್ನು ನೋಡಿದ.

“ಓಡ್‌ಗೇರ್ ಚಿನ್ನದಂಥ ಹುಡುಗ, ಮಗಳೇ.” ಎದ್ದು ಬಂದು ಐಲರ್ಟ್ ಪಾಠಕ್ಕೆಂದು ಮೇಜಿನ ಮೇಲಿಟ್ಟಿದ್ದ ಜಾಕೆಟ್ ಎತ್ತಿಕೊಂಡ. “ಬಾರಯ್ಯ ಬರ್ಗೆನ್. ಪಟ್ಟಿ ಎಲ್ಲಿ ಸಿಕ್ಕೊಳುತ್ತೆ ನಾನು ತೋರಿಸ್ತೀನಿ. ಅದನ್ನ ಸರಿಮಾಡ್ಸು, ಆಮೇಲೆ ಪಾಠ ಹೇಳು.”

ಆಮೇಲೆ ಒಬ್ಬೊಬ್ಬರೂ ಬಾಯಿಬಿಟ್ಟರು. ಮಾತಿಗೆ ಮಾತು ಬೆಳೆದು ಕೊನೆಯ ಫೆರ್ರಿ ತಪ್ಪಿಹೋಯಿತು. ಹಾಲ್ವಾರ್ಡ್ ಐಲರ್ಟ್‌ನನ್ನು ತನ್ನ ದೋಣಿಯಲ್ಲೇ ಆಚೆ ದಡಕ್ಕೆ ಬಿಡುತ್ತೇನೆಂದ.

ದೋಣಿಕಟ್ಟೆಯಲ್ಲಿ ಐಲರ್ಟ್ ಸುನ್ನಿವಾಳ ಮುಂದೆ ತಲೆತಗ್ಗಿಸಿ ನಿಂತ. “ಈ ಕಥೆ ಇನ್ನೆಲ್ಲೂ ಹೇಳಲ್ಲ.”

“ಹೇಳ್ಬೇಕು. ಅವನ ಹೆಸರಿಟ್ಟು ಹೇಳ್ಬೇಕು.” ಕಡಲತ್ತ ಒಮ್ಮೆ ನೋಡಿ ಅವನ ಕಡೆ ತಿರುಗಿದಳು. “ಏನೋ ಮಾತಿದೆ ಅಂದಿದ್ರಿ?”

“ಇವತ್ತು ಅದನ್ನ ಕೇಳೋ ಮುಖ ಇಲ್ಲ ನನಗೆ.”

ಸುನ್ನಿವಾ ಹಾಲ್ವಾರ್ಡ್‌ನ ದೋಣಿಗಿಳಿದು ಮೊಳೆಯಲ್ಲಿದ್ದ ಜಾಕೆಟ್ ತಂದು ಅವನಿಗೆ ತೊಡಿಸಿದಳು. ಒಂದೊಂದೇ ಪಟ್ಟಿ ಬಿಗಿದಳು.

“ಆವತ್ತು ನಾನು ಇದನ್ನ ಮಾಡ್ಲಿಲ್ಲ,” ಎಂದಳು. ಕಣ್ಣು ತುಂಬಿ ಬಂದಿತ್ತು. “ಮುಂದಿನ ವಾರ ಬಂದು ಕೇಳು. ಬರ್ಲೇಬೇಕು ನೀನು.”

ಆಚೆ ದಡದಲ್ಲಿ ಹಾಲ್ವಾರ್ಡ್ ಜಾಕೆಟ್ಟಿಗೆಂದು ಕೈ ಚಾಚಿದ. ಐಲರ್ಟ್ ಪಟ್ಟಿಯ ಮೇಲಿಟ್ಟ ಕೈ ತೆಗೆಯಲಿಲ್ಲ. “ಇಟ್ಕೋ ಬಿಡು ಮಾರಾಯ,” ಎಂದು ಮುದುಕ ದೋಣಿ ತಿರುಗಿಸಿದ.

ಬಸ್ಸಿನಲ್ಲಿ ಜನ ಮಿಕಮಿಕ ನೋಡಿದರು. ಬರ್ಗೆನ್ ಬರುವವರೆಗೂ ಐಲರ್ಟ್ ಅದನ್ನು ಬಿಚ್ಚಲಿಲ್ಲ.