ಡೀಬಗರ್‌ಗೆ ಕಾದ ಜೇನು ಸಂಘ

ಹಲಸಿನ ತೊಳೆ ಬಿಡಿಸುತ್ತಿದ್ದೆ. ಎರಡೂ ಕೈಗೆ ಮೇಣ.

ಬಾಗಿಲಲ್ಲಿ ಸುಬ್ಬಿ ನಿಂತಿದ್ದಳು. ಕಂಕುಳಲ್ಲಿ ಜೇನುಪೆಟ್ಟಿಗೆ. ಒಳಗಿಂದ ಗುಂಯ್...

"ದಾಕ್ಷಾಯಿಣಕ್ಕಾ, ಏಳು. ಏಳದಿದ್ರೆ ಮುಚ್ಚಳ ತೆಗೀತೇನೆ."

ಸಂಘ, ಸೊಸೈಟಿಗಳ ಹಟಮಾರಿ ಕಂಪ್ಯೂಟರುಗಳನ್ನು ಬಗ್ಗಿಸಿ ಬದುಕಿದವಳು ನಾನು. ಹೆದರಿದೆನೇ?

ಹೆದರಿದೆ.

"ಏನಾತವ್ವ?"

"ನನ್ನ ಮಗಳು ತನುಜಾನ ಜೇನು ಸಂಘದ ಮ್ಯಾನೇಜರ್ ಮಾಡಿ ಮೂರು ತಿಂಗಳಾತು. ನೇಮಕದ ಪತ್ರ ಬರ್ಲಿಲ್ಲ. ಸಂಘದಿಂದ ಇವತ್ತು ಐದರೊಳಗೆ ಕಳಿಸದಿದ್ರೆ ಕೆಲ್ಸ ರದ್ದಂತೆ. ಅಲ್ಲಿಯ ಕಂಪ್ಯೂಟರ್ ಏಳ್ತಾ ಇಲ್ಲ."

ಕೈಗೆ ಎಣ್ಣೆ ತಿಕ್ಕಿ ಹೊರಟೆ. ಸುಬ್ಬಿಯ ಸ್ಕೂಟರು ಸಿದ್ದಾಪುರ ದಾರಿಯಲ್ಲಿ ಹಾರಿತು. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಪ್ರತಿ ಗುಂಡಿಗೂ ಒಳಗಿನವು ನನ್ನನ್ನೇ ಬೈಯುತ್ತಿದ್ದವು.

ಸಂಘದ ಗುಮಾಸ್ತ ವಿಶ್ವೇಶ್ವರ ಭಟ್ಟರು ಕರಿ ಪರದೆಯ ಮುಂದೆ ಕೈಕಟ್ಟಿ ಕೂತಿದ್ದರು. ಪರದೆಯಲ್ಲಿ ಇಂಗ್ಲಿಷಿನ ಒಂದೇ ಸಾಲು. ಡೀಬಗರ್‌ಗಾಗಿ ಕಾಯುತ್ತಿದ್ದೇನೆ, ಎಂದು.

"ಯಾವಾಗಿಂದ ಹಿಂಗೈತ್ರಿ?"

"ಪ್ರೋಗ್ರಾಮ್ ಮಾಡಿದ ಕಿಶೋರ ಯಲ್ಲಾಪುರದಿಂದ ಬಂದು ಹೋದಾಗಿಂದ. ತಪ್ಪು ಹುಡುಕ್ತಾ ಕೂತಿದ್ದ. ಎಲೆ ಹಾಕಿಯಾಗಿತ್ತು, ಊಟಕ್ಕೆ ಎಬ್ಬಿಸಿದ್ವಿ. ಉಂಡ. ಮಲಗಿದ. ಎದ್ದು ಬಸ್ ಹಿಡಿದ."

"ಆಮೇಲೆ?"

"ಅವನಿಗೆ ಕಾಯ್ತೇನೆ ಅಂತ ಅದೇ ಹೇಳ್ತಾ ಇದೆಯಲ್ಲ. ನಾವೂ ಕಾದ್ವಿ. ಕರೆದವರು ಬರದೆ ಪಂಕ್ತಿ ಶುರು ಮಾಡ್ಲಿಕ್ಕಾಗ್ತದಾ?"

"ಫೋನ್ ಮಾಡ್ಲಿಲ್ಲೇನ್ರಿ?"

"ಎಂತ ಮಾತಾಡ್ತೀರಿ... ಅವಸರ ಮಾಡಿದ ಹಾಗಾಗ್ತದೆ."

ಸುಬ್ಬಿಯ ಬೆರಳು ಮುಚ್ಚಳಕ್ಕೆ ಹೋಯಿತು.

ನಿಮಗೆ ಬಿಡಿಸಿ ಹೇಳುತ್ತೇನೆ. ಡೀಬಗರ್ ಅಂದರೆ ಮನುಷ್ಯನಲ್ಲ, ತಪ್ಪು ಹುಡುಕುವ ಇನ್ನೊಂದು ಪ್ರೋಗ್ರಾಮು. ನಮ್ಮ ಪ್ರೋಗ್ರಾಮನ್ನು ಓಡಿಸುವುದು ರನ್‌ಟೈಮ್. ಅದು ಹೊರಡುವ ಮೊದಲು ಎನ್ವಿರಾನ್‌ಮೆಂಟ್ ವೇರಿಯೇಬಲ್ ನೋಡುತ್ತದೆ, ಗೋಡೆಗೆ ಅಂಟಿಸಿದ ಚೀಟಿ ನೋಡಿದ ಹಾಗೆ. ಮೊದಲ ಸಾಲಿನಲ್ಲೇ ನಿಲ್ಲು, ಡೀಬಗರ್ ಬಂದು ಸೇರಿದ ಮೇಲೆ ಹೊರಡು ಎಂದು ಕಿಶೋರ ಅಲ್ಲಿ ಬರೆದಿದ್ದ. ಅಳಿಸುವ ಮೊದಲೇ ಪಾಯಸ ಬಂದಿತ್ತು.

ಸೆಟ್ಟಿಂಗ್ಸಿಗೆ ಹೋಗಿ ಅಳಿಸಿದೆ. ಪ್ರೋಗ್ರಾಮ್ ಮತ್ತೆ ಶುರು ಮಾಡಿದೆ.

ಪರದೆಯಲ್ಲಿ ಮತ್ತೆ ಅದೇ ಸಾಲು: ಕಾಯುತ್ತಿದ್ದೇನೆ.

"ಅಕ್ಕಾ..." ಮುಚ್ಚಳ ಒಂದು ಬೆರಳಷ್ಟು ಎದ್ದಿತು. ಒಂದು ನೊಣ ಹೊರಬಂತು. ಇಡೀ ಕೋಣೆ ಬಿಟ್ಟು ನನ್ನ ಮೂಗಿನ ಮೇಲೆ ಕೂತಿತು.

ಉಸಿರು ಹಿಡಿದೆ. ಆಗ ಹೊಳೆಯಿತು. ಕರಿ ಪರದೆಯ ಆ ಕಿಟಕಿ ನಾನು ಚೀಟಿ ಕೀಳುವ ಮೊದಲೇ ತೆರೆದದ್ದು. ತೆರೆದಾಗ ಓದಿದ್ದನ್ನೇ ಅದು ನಂಬಿಕೊಂಡಿರುತ್ತದೆ. ಮುಚ್ಚಿದೆ. ಹೊಸತು ತೆರೆದೆ.

ಓಡಿತು.

ತನುಜಾಳ ಪತ್ರ ಪರದೆಗೆ ಬಂತು. ಐದಾಗಲು ಇನ್ನು ಹೆಚ್ಚು ಹೊತ್ತಿರಲಿಲ್ಲ.

"ಕಳಿಸ್ರಿ."

"ಒಂದು ಸಲ ಪಂಚಾಂಗ ನೋಡಿ..."

"ಭಟ್ರ, ಮೂಗಿನ ಮ್ಯಾಲೆ ಜೇನು ಕುಂತೈತಿ."

ಒತ್ತಿದರು. ಪತ್ರ ಹೋಯಿತು. ಸುಬ್ಬಿ ಮುಚ್ಚಳ ಒತ್ತಿ ಕೂರಿಸಿ, ಅದರ ಮೇಲೇ ಕೂತು ಅತ್ತಳು.

ಭಟ್ಟರು ಮತ್ತೆ ಕೈಕಟ್ಟಿದರು. ಹೊಸ ಮ್ಯಾನೇಜರು ಬರುವವರೆಗೆ ಕಾಯಬೇಕಂತೆ.

ಮನುಷ್ಯರೊಳಗೆ ಆ ಕಾಯುವ ಚೀಟಿ ಎಲ್ಲಿರುತ್ತದೋ, ನನಗಿನ್ನೂ ಸಿಕ್ಕಿಲ್ಲ.